ಡ್ರೈವರ್ ಸೀಟಿನ ತೂಕ

ಜನವರಿ 7, ಭಾನುವಾರ

ಮತ್ತೆ ಇಟ್ಟಮಡು, ಗುರುಸಿದ್ದನ ಗ್ಯಾರೇಜು. ನನ್ನ ಹಳೇ ಎಸ್ಟೀಮ್ ಕಾರಿನ ನಾಲ್ಕು ಚಕ್ರದಡಿಗೂ ಒಂದೊಂದು ತೂಕದ ಯಂತ್ರ. ಡ್ರೈವರ್ ಕೂತಿರುವಾಗಲೇ ಸ್ಪ್ರಿಂಗ್ ಏರಿಸಿ ಇಳಿಸಿ ಭಾರ ಸರಿದೂಗಿಸಬೇಕು. ಡ್ರೈವರ್ ನಾನು. ಸ್ಪ್ಯಾನರ್ ಹಿಡಿಯುವವನೂ ನಾನೇ — ಬೇರೆಯವರು ಮುಟ್ಟಿದರೆ ಆಗದು. ಕೊನೆಗೆ ಹೆಂಡತಿಯನ್ನೇ ಸೀಟಿನಲ್ಲಿ ಕೂರಿಸಿದೆ. ಅಲಮೇಲು ಅವರೆಕಾಯಿ ಬಿಡಿಸುತ್ತ ಕೂತಳು.

"ಅಕ್ಕನ್ ತೂಕ ಬೇರೆ, ನಿಮ್ ತೂಕ ಬೇರೆ ಅಲ್ವಾ ಸಾರ್?" ಎಂದ ಗುರುಸಿದ್ದ.

"ಹೆಚ್ಚುಕಮ್ಮಿ ಒಂದೇ ಕಣಪ್ಪ."

ನನ್ನ ಹೊಟ್ಟೆ ನೋಡಿ ಯಂತ್ರದ ಕಡೆ ತಿರುಗಿದ.

ಮುಂದಿನ ತಿಂಗಳು ಬೆಟ್ಟ ಹತ್ತುವ ರೇಸು. ನನ್ನ ಮೊದಲನೆಯದು, ಐವತ್ತೆರಡನೇ ವಯಸ್ಸಿಗೆ. ಒಂದು ಕಾರಿಗೆ ಒಬ್ಬರೇ ಡ್ರೈವರ್. ಎರಡು ವರ್ಷದಿಂದ ತಲೆಯಲ್ಲಿ ಬೇರೇನೂ ಇಲ್ಲ.

ಜನವರಿ 14

ಕನಕಪುರ ರಸ್ತೆಯಾಚೆ ಟ್ರ್ಯಾಕ್ ಬಾಡಿಗೆಗೆ ಹಿಡಿದಿದ್ದೆ. ಬ್ರೇಕ್ ಒತ್ತಿದಾಗಲೆಲ್ಲ ಒಂದು ಮುಂಚಕ್ರ ಲಾಕ್ ಆಗಿ ಜಾರಿತು. ಬೈದೆ — ಕಾರನ್ನು, ಟೈರನ್ನು, ಟ್ರ್ಯಾಕನ್ನು.

"ರೀ, ನಾನೊಂದ್ ರೌಂಡ್ ಹೋಗ್ಬರ್ಲಾ?"

ಹೋಗಲಿ ಬಿಡು ಎಂದು ಕೀ ಕೊಟ್ಟೆ. ಇಪ್ಪತ್ತು ವರ್ಷ ಜಯನಗರದಿಂದ ಆಫೀಸಿಗೆ ಓಡಿಸಿದ್ದು ಬಿಟ್ಟರೆ ಅವಳಿಗೆ ಬೇರೆ ಅನುಭವವಿಲ್ಲ. ಕಾರು ಗೆರೆ ಎಳೆದ ಹಾಗೆ ಹೋಯಿತು. ನನಗಿಂತ ನಾಲ್ಕು ಸೆಕೆಂಡು ಬೇಗ.

ಅವಳನ್ನು ಕೂರಿಸಿ ಸೆಟ್ ಮಾಡಿದ್ದಲ್ಲವೇ, ಅದಕ್ಕೇ ಎಂದೆ.

ಜನವರಿ 28

ಎರಡು ವಾರ ಏನೂ ಬರೆದಿಲ್ಲ. ಮುನಿಸು... ಕಾರಿನ ಮೇಲೆ ಅಂದುಕೊಂಡೆ.

ಇಂದು ನಾನೇ ಸೀಟಿನಲ್ಲಿ ಕೂತು ಸ್ಪ್ಯಾನರನ್ನು ಗುರುಸಿದ್ದನಿಗೆ ಕೊಟ್ಟೆ. ಎಂಬತ್ತೇಳು ಕೆಜಿಯಂತೆ! ಅಲಮೇಲು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಮಧ್ಯಾಹ್ನ ಟ್ರ್ಯಾಕು. ಕಾರು ಈಗ ಹೇಳಿದ ಮಾತು ಕೇಳುತ್ತದೆ. ಇಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ. ಆಮೇಲೆ ಅವಳು. ನನ್ನ ತೂಕಕ್ಕೆ ಹೊಂದಿಸಿದ ಕಾರಿನಲ್ಲೂ ಎರಡು ಸೆಕೆಂಡು ಬೇಗ. ಇನ್ನು ನೆಪವಿಲ್ಲ.

"ತಿರುವಿಗೆ ಮುಂಚೇನೇ ಆಕ್ಸಿಲರೇಟರಿಂದ ಕಾಲು ಯಾಕೆ ಎತ್ತಿಬಿಡ್ತೀರಿ?" ಎಂದಳು. ಕೊಂಕಿರಲಿಲ್ಲ.

"ನಿಂಗೆ ಹೆದರಿಕೆ ಆಗಲ್ವೇನೇ?"

"ಆಗತ್ತೆ. ಆದ್ರೂ ಕಾರು ರಸ್ತೆ ಹಿಡ್ಕೊಳತ್ತಲ್ಲ. ನೀವೇ ಮಾಡಿರೋದಲ್ವಾ?"

ಎರಡು ವರ್ಷ ಒಂದೊಂದು ಬೋಲ್ಟೂ ನಾನೇ ಬಿಗಿದಿದ್ದೇನೆ. ಆ ನಂಬಿಕೆ ನನಗೇ ಇಲ್ಲ.

ಫೆಬ್ರವರಿ 1

ಸಂಘಟಕರಿಗೆ ಫೋನ್ ಮಾಡಿದೆ. ನನ್ನ ಹೆಸರು ತೆಗೆಸಿದೆ: ಡ್ರೈವರ್ ಮಾಧವ ಅಲ್ಲ, ಅಲಮೇಲು.

"ಬೇಡ ರೀ. ನಿಮ್ಮಾಸೆ ಅದು."

"ಕಾರು ಜೋರಾಗಿ ಹತ್ತಬೇಕು. ನಂಗೆ ಅಷ್ಟೇ."

ಅರ್ಧ ಸುಳ್ಳು. ಹೊಟ್ಟೆ ಉರಿಯುತ್ತಿದೆ. ಇಲ್ಲಿ ಓದುವವರು ಯಾರೂ ಇಲ್ಲ, ಬರೆದೇ ಬಿಡುತ್ತೇನೆ — ಕಟ್ಟಿಕೊಂಡವಳ ಮೇಲೆ ಹೊಟ್ಟೆಕಿಚ್ಚು.

ಆಮೇಲೆ ಅವಳೇ, "ಹಂಗಾದ್ರೆ ಮತ್ತೆ ನನ್ ತೂಕಕ್ಕೇ ಸೆಟ್ ಮಾಡ್ಕೊಡಿ" ಎಂದಳು.

ಫೆಬ್ರವರಿ 11, ಬೆಳಗ್ಗೆ, ಬೆಟ್ಟದ ಬುಡ

ಟೈರಿನ ಗಾಳಿ ಮತ್ತೊಮ್ಮೆ ನೋಡಿದೆ. ಅವಳ ಬೆಲ್ಟ್ ಎಳೆದು ಬಿಗಿದೆ.

"ಎಲ್ಲಾ ಸರಿಯಿದ್ಯಾ?"

"ಇದೆ."

ಇದೆಯೇ? ಹೊಟ್ಟೆಕಿಚ್ಚೆಲ್ಲ ಎಲ್ಲಿ ಹೋಯಿತೋ. ಈಗ ಬರೀ ಭಯ.

ಬಾವುಟ ಬಿತ್ತು. ಕಾರು ಮರಗಳ ಹಿಂದೆ ಮರೆಯಾಯಿತು. ಸದ್ದು ಮಾತ್ರ. ನಿಲ್ಲಲಾಗದೆ ಕೂತು ಬರೆಯುತ್ತಿದ್ದೇನೆ. ಎರಡನೇ ಗೇರು... ಮೂರನೇದು. ಮುಂದೆ ಆ ದೊಡ್ಡ ತಿರುವು, ಪಕ್ಕದಲ್ಲೇ ಕಂದಕ. ನಿನ್ನೆ ಇಬ್ಬರೂ ನಡೆದು ನೋಡಿದ್ದೆವು. ನಾನಾಗಿದ್ದರೆ ಇಲ್ಲಿ ಕಾಲು ಎತ್ತುತ್ತಿದ್ದೆ. ಎತ್ತೇ, ಅಲಮೇಲು, ಎತ್ತು —

ಎತ್ತಲಿಲ್ಲ. ಸದ್ದು ಒಂದೇ ಸಮ ಮೇಲೇರುತ್ತಿದೆ. ಹಿಡಿದುಕೊಂಡಿತು. ನಾನು ಮಾಡಿದ ಕಾರು ಹಿಡಿದುಕೊಂಡಿತು! ಬರೆದದ್ದು ಸಾಕು, ಅವಳನ್ನು ಎದುರುಗೊಳ್ಳಬೇಕು.