ಬಲಕ್ಕೆ ತಿರುಗದ ಕತ್ತು

ರೀ,

ಕತ್ತು ಹಿಡಿದುಕೊಂಡು ತಿಂಗಳಾಯಿತು. ಬಲಕ್ಕೆ ತಿರುಗುವುದೇ ಇಲ್ಲ. ಆ ಕಡೆಯಿಂದ ಯಾರಾದರೂ ಕರೆದರೆ, ಬೀರು ಸರಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು. "ಕೈರೋಪ್ರಾಕ್ಟರ್ ಹತ್ರ ಹೋಗಿ ಅತ್ತಿಗೆ, ಕತ್ತಿನ ಮೂಳೆ ಒಂದ್ಸಲ ಲಟಕ್ ಅನ್ನಿಸಿದ್ರೆ ಮುಗೀತು" ಅಂತ ನಿಮ್ಮ ತಮ್ಮ ತಲೆ ತಿಂದ. ನನಗೆ ಧೈರ್ಯ ಬರಲಿಲ್ಲ. ಇವತ್ತು ಫಿಸಿಯೋಥೆರಪಿಗೆ ಹೋಗಿದ್ದೆ.

ಅಲ್ಲಿನ ಹುಡುಗಿ ನನ್ನ ಗಲ್ಲ ಹಿಡಿದು ಮೆಲ್ಲಗೆ ತಿರುಗಿಸಿದಳು. ಸ್ವಲ್ಪ ಹೋಗಿ, ಬೀಗ ಬಿದ್ದಂತೆ ನಿಂತುಬಿಟ್ಟಿತು.

"ಮಲಗೋದು ಯಾವ ಕಡೆ ಆಂಟಿ?"

"ಎಡಕ್ಕೆ, ಗೋಡೆ ಕಡೆ. ನಮ್ಮನೆಯವರು ಬಲಗಡೆ ಲೈಟ್ ಹಾಕ್ಕೊಂಡು ಓದ್ತಿದ್ರು. ಬೆಳಕು ಕಣ್ಣಿಗೆ ಬೀಳ್ತಿತ್ತು."

"ಈಗ್ಲೂ ಓದ್ತಾರಾ?"

"ಅವರು ಹೋಗಿ ವರ್ಷ ಆಯ್ತು."

ಅವಳ ಕೈ ನನ್ನ ಕತ್ತಿನ ಮೇಲೆಯೇ ಇತ್ತು. "ಲಟಕ್ ಅನ್ನಿಸಿದ್ರೂ ಅಷ್ಟೇ ಆಂಟಿ, ಮತ್ತೆ ಗೋಡೆ ಕಡೆ ಮಲಗಿದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಬಲಗಡೆ ಏನಾದ್ರೂ ಇಟ್ಕೊಳ್ಳಿ. ಅಂಗಾತ ಮಲಗಿ, ಅದು ಕಾಣೋವರೆಗೂ ದಿನಾ ನಿಧಾನಕ್ಕೆ ತಿರುಗಿಸಿ. ಮೈ ಅಲ್ಲ, ಬರೀ ಕತ್ತು" ಅಂದಳು.

ಓದುತ್ತಾ ಓದುತ್ತಾ ನಿಮಗೆ ನಗು ಬರುತ್ತಿತ್ತು. "ಇಲ್ಲಿ ನೋಡೇ, ಏನು ಬರೆದಿದ್ದಾನೆ" ಅನ್ನುತ್ತಿದ್ದಿರಿ. ನಾನು ಗೋಡೆಗೆ "ಹೂಂ" ಅನ್ನುತ್ತಿದ್ದೆ.

ಮನೆಗೆ ಬಂದವಳೇ ನಿಮ್ಮ ದಿಂಬಿನ ಮೇಲೆ ನಿಮ್ಮ ಕನ್ನಡಕ ಇಟ್ಟೆ. ಮಲಗಿ, ಅವಳು ಹೇಳಿದ ಹಾಗೆಯೇ ತಿರುಗಿಸಿದೆ. ಫ್ಯಾನು ಕಂಡಿತು. ನೀವು ಓದುತ್ತಿದ್ದ ಲೈಟು ಕಂಡಿತು. ಕನ್ನಡಕದವರೆಗೆ ಕತ್ತು ಇನ್ನೂ ಬಂದಿಲ್ಲ.