ಪಿಟೀಲುಗಳು ಸುಮ್ಮನಿದ್ದ ಶನಿವಾರ

ಸಾನ್ ಕ್ಲೆಮೆಂತೆ, ಗ್ವಾರಾಯೊಸ್
ಈಸ್ಟರಿನ ಹಿಂದಿನ ದಿನ, ಶನಿವಾರ, 10 ಏಪ್ರಿಲ್ 2004

ಪ್ರೀತಿಯ ದೆಲ್ಫಿನ್,

ಈಗ ಮಧ್ಯಾಹ್ನ ಮೂರು ಗಂಟೆ. ಸ್ವಲ್ಪ ಹೊತ್ತಿನ ಹಿಂದೆ ನನ್ನನ್ನು ಎಬ್ಬಿಸಿದ್ದು ಚರ್ಚಿನ ಮರದ ಗಿಲಕಿ. ಮುದುಕ ಎವಾರಿಸ್ತೊ ಅದನ್ನು ಕರಕರ ತಿರುಗಿಸುತ್ತ, ಸಂಜೆಯ ಪೂಜೆಗೆ ಜನರನ್ನು ಕರೆಯುತ್ತ, ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದ. ಅದರ ವಿಷಯಕ್ಕೇ ಬರುತ್ತೇನೆ, ತಾಳು. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಅಕ್ಕನ ಮನೆಯಲ್ಲಿ ಫ್ಯಾನಿನ ಕೆಳಗೇ ಮಲಗುತ್ತಿರುತ್ತೀಯ, ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾವೆಲ್ಲ ಆರೋಗ್ಯ. ‘ಎಲ್ಲ’ ಎಂದು ಬರೆಯುವಾಗ ಇವತ್ತು ನನ್ನ ಕೈ ತಡೆಯಲಿಲ್ಲ.

ಬುಧವಾರ ನೀನು ಬಸ್ಸು ಹತ್ತಿದ್ದು ಕಣ್ಣಿಗೆ ಕಟ್ಟಿದಂತಿದೆ. ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡಕ್ಕೆ ಮಲಗಿಸಿಕೊಂಡು ಕೂತಿದ್ದೆ. “ನಾನು ನುಡ್ಸಿದ್ದು ನನ್ನ ಮಗನಿಗೇ ಕೇಳ್ಸಲ್ಲ ಅಂದ್ಮೇಲೆ ಇದು ನಂಗ್ಯಾಕೆ,” ಅಂದೆ. ಈಸ್ಟರ್ ಬೆಳಿಗ್ಗೆ ವಾದ್ಯವೃಂದ ಪಟ್ಟಣದಿಂದ ಪ್ರವಾಸ ಹೊರಡುವ ಮುಂಚೆ ಮೇಷ್ಟ್ರ ಕೈಗೆ ಅದನ್ನು ಒಪ್ಪಿಸಿ ಹೆಸರು ತೆಗೆಸುತ್ತೇನೆ, ಸೋಮವಾರ ಕಿವಿ ಡಾಕ್ಟರನ್ನು ಕಂಡು ಮಗುವನ್ನು ತೋರಿಸಲು ದಿನ ಕೇಳುತ್ತೇನೆ ಎಂದು ಹೇಳಿ ಹೋದೆ. ನಾನು ಬೇಡ ಅನ್ನಲಿಲ್ಲ. ಯಾವ ಬಾಯಲ್ಲಿ ಅನ್ನಲಿ? ಏಳು ತಿಂಗಳ ಲಿಸಾಂದ್ರೊ ಒಂದು ದಿನವೂ ಕರೆದರೆ ತಿರುಗಿದವನಲ್ಲ. ನರ್ಸು ನಮ್ಮ ಪಡಸಾಲೆಯಲ್ಲೇ ನಿಂತು ಅವನ ಬೆನ್ನ ಹಿಂದೆ ತಟ್ಟೆ ಬಡಿದಾಗಲೂ ಅವನು ತನ್ನ ಪಾಡಿಗೆ ಕಾಲ್ಬೆರಳು ಚೀಪುತ್ತಿದ್ದ.

ನೀನು ಹೋದ ಮೇಲೆ ನನ್ನನ್ನು ತಿಂದದ್ದು ಇನ್ನೊಂದು. ಬಸುರಿಯಾಗಿದ್ದಾಗ ನಾನು ದಿನವೂ ಕುರ್ಚಿ ಎಳೆದುಕೊಂಡು ಪಕ್ಕದ ಸಂಗೀತಶಾಲೆಯ ಗೋಡೆಗೆ ಹೊಟ್ಟೆ ತಾಗಿಸಿ ಕೂರುತ್ತಿದ್ದೆನಲ್ಲ. ಶಾಸ್ತ್ರೀಯ ಸಂಗೀತ ಕೇಳಿದ ಕೂಸಿನ ಬುದ್ಧಿ ಚುರುಕಾಗುತ್ತದೆ, ಲೆಕ್ಕ ತಾನಾಗಿ ಬರುತ್ತದೆ, ತಾಯಿಯ ರಕ್ತದೊತ್ತಡವೂ ಇಳಿಯುತ್ತದೆ ಎಂದು ಶಿಕ್ಷಕರ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದ್ದರು. ಆಗ ನಿನ್ನಮ್ಮ ಹತ್ತಿ ನೂಲಿನ ತೂಗುಮಂಚ ನೇಯುತ್ತ ಏನಂದಿದ್ದರು ನೆನಪಿದೆಯೇ? “ಹೌದೇನೆ ಮೇಡಮ್ಮು? ಹಂಗಾದ್ರೆ ಗಿರಣಿಯವನು ಇಷ್ಟು ವರ್ಷದಿಂದ ಚೆಲ್ಲೊ ನುಡಿಸ್ತಾನೆ, ಅವನ ಲೆಕ್ಕ ಯಾಕೆ ಯಾವಾಗ್ಲೂ ಅವನ ಕಡೀಗೇ ತಪ್ಪುತ್ತೆ?” ಎಲ್ಲರೂ ನಕ್ಕಿದ್ದೆವು. ಈ ವಾರ ಅದೇ ಗೋಡೆಗೆ ಬೆನ್ನು ಹಾಕಿ ಕೂತೆ. ಬುದ್ಧಿವಂತನನ್ನು ಹೆರಬೇಕೆಂಬ ಆಸೆಗೆ ನಾನೇ ಶಾಲೆಯ ಆ ತುತ್ತೂರಿಗಳ ಬಾಯಿಗೆ ಮಗುವಿನ ಕಿವಿಯನ್ನು ಕೊಟ್ಟೆನೇನೋ ಎಂದು ರಾತ್ರಿಯೆಲ್ಲ ಹೊರಳುತ್ತಿದ್ದೆ.

ಗುರುವಾರದ ಪೂಜೆಯಲ್ಲಿ ಗ್ಲೋರಿಯಾ ಸ್ತೋತ್ರ ಹಾಡಿ ಮುಗಿದದ್ದೇ, ಈಸ್ಟರಿನವರೆಗೆ ಗಂಟೆ, ವಾದ್ಯ ಯಾವುದೂ ನುಡಿಯಬಾರದಲ್ಲ, ಎಂದಿನಂತೆ ಗಂಟೆಗಳ ನಾಲಿಗೆ ಕಟ್ಟಿದರು, ಶಾಲೆಗೆ ಬೀಗ ಬಿತ್ತು, ಮನೆಮನೆಯ ಪಿಟೀಲುಗಳೂ ಪೆಟ್ಟಿಗೆ ಸೇರಿದವು. ಅವತ್ತು ರಾತ್ರಿಯಿಂದ ಲಿಸಾಂದ್ರೊ ಹಟ ಹಿಡಿದ. ನಿದ್ದೆ ಇಲ್ಲ, ಮೊಲೆಗೆ ಬಾಯಿ ಕೊಡುವುದಿಲ್ಲ, ತೂಗುಮಂಚದಲ್ಲಿ ಹಾಕಿದರೆ ಕುತ್ತಿಗೆ ಎತ್ತಿ ಏನನ್ನೋ ಹುಡುಕಿದವನಂತೆ ನೋಡುತ್ತಾನೆ, ಮತ್ತೆ ಅಳುತ್ತಾನೆ. ಹೊಟ್ಟೆಯುಬ್ಬರ ಇರಬೇಕೆಂದು ನಿನ್ನಮ್ಮ ಕೋಳಿಯ ಕೊಬ್ಬು ಕಾಯಿಸಿ ತಿಕ್ಕಿದರು. ಅದಕ್ಕೂ ಬಗ್ಗಲಿಲ್ಲ. ಇವತ್ತು ಮಧ್ಯಾಹ್ನ ಅವನೂ ನಾನೂ ಸೋತು ಹೇಗೋ ಕಣ್ಣು ಮುಚ್ಚಿದೆವು.

ಆಗ ಗಿಲಕಿಯ ಸದ್ದು. ಎಚ್ಚರವಾಗಿ ನೋಡುತ್ತೇನೆ, ಅವನು ನನಗಿಂತ ಮೊದಲೇ ಎದ್ದು ತಲೆಯನ್ನು ಕಿಟಕಿಯ ಕಡೆ ತಿರುಗಿಸಿದ್ದಾನೆ. ಎವಾರಿಸ್ತೊ ನಮ್ಮ ಮನೆ ದಾಟಿ ಬಾವಿಯ ಮೂಲೆಗೆ ಹೋಗುವವರೆಗೆ ಆ ಪುಟ್ಟ ತಲೆಯೂ ಸದ್ದಿನ ಹಿಂದೆಯೇ ಹೋಯಿತು. ಕೈಗೆ ಸಿಕ್ಕ ಚಮಚವನ್ನು ಅವನ ಹಿಂದೆ ನೆಲಕ್ಕೆ ಬಿಟ್ಟೆ. ಬೆಚ್ಚಿಬಿದ್ದು ಕಿರುಚಿದ. ಅವನು ಅಳುತ್ತಿದ್ದಾನೆ, ನಾನು ನಗುತ್ತಿದ್ದೇನೆ, ಎಂಥ ತಾಯಿ ನೋಡು. ನಿನ್ನಮ್ಮ ಹತ್ತಿಯ ಎಳೆ ಕೈಯಲ್ಲಿ ಹಿಡಿದೇ ಓಡಿಬಂದರು. ಹೇಳಿದ್ದನ್ನು ನಂಬದೆ ಬಾಗಿಲ ಮರೆಗೆ ನಿಂತು, ಕೂಗದೆ, ಪಿಸುಮಾತಿನಷ್ಟು ಮೆಲ್ಲಗೆ, “ಏ ಲಿಸಾಂದ್ರೊ, ಕಳ್ಳಾ,” ಅಂದರು. ತಿರುಗಿದ. ಕಣ್ಣಲ್ಲಿ ನೀರಿಟ್ಟುಕೊಂಡೇ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಅವರು ಅಲ್ಲೇ ನೆಲದ ಮೇಲೆ ಕೂತು ಅವನನ್ನು ಮಡಿಲಿಗೆ ಎಳೆದುಕೊಂಡರು.

ಮಗು ಅವರ ಮಡಿಲಲ್ಲಿ ಸುಮ್ಮನಾದ ಮೇಲೆ ಕೇಳಿದೆ, “ಅತ್ತೆ, ಅವತ್ತು ನರ್ಸು ತಟ್ಟೆ ಬಡಿದಾಗ ಬೇರೆ ಏನಾದ್ರೂ ಸದ್ದಿತ್ತಾ?”

“ಏನೂ ಇರ್ಲಿಲ್ಲಪ್ಪ,” ಅಂದರು. “ಪಕ್ಕದಲ್ಲಿ ಅಭ್ಯಾಸ ನಡೀತಿತ್ತು, ಅಷ್ಟೆ.”

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ದೆಲ್ಫಿನ್, ಅಂಗಳದಾಚೆ ನಾಲ್ಕು ತುತ್ತೂರಿ, ಇಪ್ಪತ್ತು ಪಿಟೀಲು ಒಟ್ಟಿಗೇ ಕಿರುಚುತ್ತಿದ್ದವು, ಮತ್ತು ನಮಗೆ ‘ಏನೂ ಇರಲಿಲ್ಲ’. ಈ ಊರಿನಲ್ಲೇ ಹುಟ್ಟಿದ ನರ್ಸಿಗೂ ಇರಲಿಲ್ಲ. ಆ ಗದ್ದಲದಲ್ಲಿ ಒಂದು ತಗಡಿನ ತಟ್ಟೆಗೆ ಅವನು ಯಾಕಾದರೂ ತಿರುಗಬೇಕು? ಹೊಟ್ಟೆಯಲ್ಲಿದ್ದಾಗಿನಿಂದ ಅವನ ಲೋಕ ಇದ್ದದ್ದೇ ಹಾಗೆ. ಅದು ನಿಂತಾಗ ಮಾತ್ರ ಅವನಿಗೆ ಏನೋ ಆಯಿತು. ನನಗೂ ಈ ರಾತ್ರಿಗಳಲ್ಲಿ ನಿದ್ದೆ ಬರದಿದ್ದದ್ದು ಬರೀ ಚಿಂತೆಗಲ್ಲವೇನೋ.

ಜನ ಸಂಗೀತವನ್ನು ಯಾತಕ್ಕೆ ಕೇಳುತ್ತಾರೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಈಗ ಕೇಳಿದರೆ ಅಷ್ಟು ಬರೆಯಲಾರೆ. ಸಂಜೆ ಗೋಡೆಯಾಚೆ ನೀನು ಆ ಕಷ್ಟದ ಸಾಲಿನಲ್ಲಿ ಎಡವಿ ಮತ್ತೆ ಮೊದಲಿನಿಂದ ಹಿಡಿದರೆ, ಇನ್ನೂ ಹೊತ್ತಿದೆ ಎಂದುಕೊಂಡು ಆಗ ಮರಗೆಣಸು ಬೇಯಲು ಇಡುತ್ತೇನೆ. ನನಗೆ ಬಂದ ಲಾಭ ಅಷ್ಟು. ಅದು ಸಾಲದು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಇವನ ಬುದ್ಧಿ ಚುರುಕಾಗುತ್ತದೋ ಇಲ್ಲವೋ ದೇವರೇ ಬಲ್ಲ. ನಿನ್ನ ಮಗ, ಹೆಚ್ಚು ಆಸೆ ಇಟ್ಟುಕೊಳ್ಳುವುದಿಲ್ಲ.

ಸೋಮವಾರ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡ. ನನ್ನ ಸ್ವಭಾವ ನಿನಗೆ ಗೊತ್ತು, ಅವರೂ ಒಂದು ಮಾತು ಹೇಳಿಬಿಡಲಿ. ಅಕ್ಕನಿಗೆ ನನ್ನ ನೆನಪು ಹೇಳು. ನಿನ್ನಮ್ಮ ನಿನ್ನ ತಲೆ ಸವರಿ ಹರಸಿದ್ದಾರೆ. ಅವರ ಕೈಯ ಕೋಳಿ ಕೊಬ್ಬು ಈ ಕಾಗದಕ್ಕೂ ಹತ್ತಿದೆ, ಕ್ಷಮಿಸು.

ನಿನ್ನವಳೇ ಆದ
ಯೊಬಾನಾ

ಮರೆತಿದ್ದು: ಅಕ್ಕನ ಮನೆಗೆ ಫೋನಿಲ್ಲವಲ್ಲ, ಅದಕ್ಕೆ ಈ ಕಾಗದವನ್ನು ಸಂಜೆಯ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದೇನೆ. ನಡುರಾತ್ರಿಯಾದರೂ ಬಾಗಿಲು ಬಡಿದು ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿದ್ದೇನೆ. ಓದಿದ ತಕ್ಷಣ ಬಸ್ ನಿಲ್ದಾಣದ ಫೋನಿನಿಂದ ರೆಮೆದಿಯೋಸಳ ಅಂಗಡಿಗೆ ಮಾಡು. ಮೂವರೂ ರಾತ್ರಿಯೆಲ್ಲ ಅಲ್ಲೇ ಕಾದಿರುತ್ತೇವೆ. ಪಿಟೀಲು ಒಮ್ಮೆ ಮೇಷ್ಟ್ರ ಕೈ ಸೇರಿದರೆ ನಾಳೆಯೇ ಬೇರೆಯವನ ಹೆಗಲೇರಿ ಪ್ರವಾಸಕ್ಕೆ ಹೊರಟುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಕೊಡಬೇಡ, ದೆಲ್ಫಿನ್. ಕೊಡುವುದಿಲ್ಲ ಎಂದು ನಿನ್ನ ಬಾಯಿಂದ ಕೇಳುವವರೆಗೆ ನನಗೆ ಸಮಾಧಾನವಿಲ್ಲ. ಫೋನನ್ನು ಅವನ ಕಿವಿಗೆ ಹಿಡಿಯುತ್ತೇನೆ, ನೀನೇ ಅವನ ಹೆಸರು ಕರೆ. ಬೆಳಗಾಗುವುದರೊಳಗೆ ಮಾಡು, ದಮ್ಮಯ್ಯ, ಬೆಳಗಾಗುವುದರೊಳಗೆ.