ಚಿಲಕಕ್ಕೊಂದು ಕಾಲುಚೀಲ

ಜೂನ್ 3, ಮಂಗಳವಾರ. ಸಂಜೆ

ನಡಿಗೆ ಆಯಿತು. ಊಟಕ್ಕೆ ಇನ್ನೂ ಹೊತ್ತಿದೆ. ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದ ಮೇಲೂ ಅಲ್ಲಿನ ಟೈಮ್‌ಟೇಬಲ್ಲೇ. ಹೊಟ್ಟೆ, ನಿದ್ದೆ, ಮೈ, ಮನಸ್ಸು — ಎಲ್ಲಕ್ಕೂ ಒಂದೊಂದು ಹೊತ್ತು. ಕುಡಿತ ಬಿಡಲು ಹೋದವಳಿಗೆ ವೇಳೆಗೆ ಸರಿಯಾಗಿ ಉಣ್ಣುವುದನ್ನು ಕಲಿಸಿ ಕಳಿಸಿದ್ದಾರೆ. ಮೊದಮೊದಲು ನಗು ಬರುತ್ತಿತ್ತು.

ಇವತ್ತು ನಾನು ಕೆಲಸ ಮಾಡುವ ಕ್ಲಿನಿಕ್‌ಗೆ ಕಿವಿ ಪರೀಕ್ಷೆಗೆಂದು ಒಬ್ಬ ಅಜ್ಜ ಬಂದಿದ್ದರು. ಹೆಡ್‌ಫೋನ್ ಹಾಕಿ, "ಸದ್ದು ಕೇಳಿಸಿದಾಗ ಬಟನ್ ಒತ್ತಿ" ಎಂದೆ. ನಾನು ಸದ್ದೇ ಕೊಟ್ಟಿಲ್ಲ, ಒತ್ತುತ್ತಲೇ ಇದ್ದಾರೆ.

"ತಪ್ಪಿಹೋದ್ರೆ ಬೈತೀರೇನೋ ಅಂತ ಮೊದಲೇ ಒತ್ಬಿಟ್ಟೆ ಕಣಮ್ಮಾ."

ಇಂಥವರು ತುಂಬ ಜನ. ನನ್ನನ್ನು ಆ ಕೋಣೆಯಲ್ಲಿ ಕೂರಿಸಿದರೆ ನಾನೂ ಹಾಗೇ ಏನೋ...

ಭಾನುವಾರ ಮಗಳು ಬರುತ್ತಾಳೆ. ಹದಿಮೂರು ಅವಳಿಗೆ. ನಾನು ಕೇಂದ್ರ ಸೇರಿದಾಗಿನಿಂದ ಅಕ್ಕನ ಮನೆಯಲ್ಲಿದ್ದಾಳೆ. ಇನ್ನು ಮುಂದೆ ಇಲ್ಲಿಯೋ ಅಲ್ಲಿಯೋ, ಈ ತಿಂಗಳು ಮುಗಿಯುವುದರೊಳಗೆ ಅವಳೇ ಹೇಳಬೇಕು. ಒತ್ತಾಯ ಮಾಡುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೇನೆ.

ಜೂನ್ 6, ಶುಕ್ರವಾರ

ಕೇಂದ್ರದಲ್ಲಿ ಗ್ರೂಪ್ ಮಾತುಕತೆ ಮುಗಿದ ಮೇಲೆ ಲೋಟ ತೊಳೆಯುವ ಸರದಿ ನನ್ನದು, ಡ್ರೈವರಣ್ಣನದು. ಬಸ್ ಓಡಿಸುತ್ತಿದ್ದವರು, ಕುಡಿತ ಬಿಟ್ಟು ವರ್ಷಗಳೇ ಆಗಿವೆ.

"ಏನಕ್ಕಾ, ಲೋಟ ತೊಳೀತಿದೀರೋ ಕದೀತಿದೀರೋ? ಒಂದು ಸದ್ದೂ ಇಲ್ವಲ್ಲ!"

ಎಲ್ಲರೂ ನಕ್ಕರು, ನಾನೂ. ಕೌನ್ಸೆಲರ್ ನಗಲಿಲ್ಲ. ಆಮೇಲೆ ಪಕ್ಕಕ್ಕೆ ಕರೆದು, "ಸದ್ದಾದ್ರೆ ಏನಾಗ್ತಿತ್ತು ನಿಮ್ಮನೇಲಿ?" ಎಂದರು.

ಹೇಳಿದೆ. ಅಪ್ಪ ಕುಡಿದು ಹಾಲ್‌ನಲ್ಲಿ ಮಲಗುತ್ತಿದ್ದರು. ಎಚ್ಚರವಾದರೆ ಬೆಲ್ಟು. ನಮ್ಮ ಕೋಣೆಯ ಚಿಲಕ ಸದ್ದು ಮಾಡದಿರಲೆಂದು ಅಕ್ಕ ಹಳೆಯ ಫ್ರಾಕಿನ ತುಂಡೊಂದನ್ನು ಅದಕ್ಕೆ ಸುತ್ತಿದ್ದಳು. ಹೇಳುತ್ತ ಹೇಳುತ್ತ ನನ್ನ ದನಿ ಪಿಸುಮಾತಾಗಿತ್ತು.

"ಅವರು ಇನ್ನೂ ಮಲಗಿದ್ದಾರಾ?"

ಅಪ್ಪ ಹೋಗಿ ಎಷ್ಟೋ ಕಾಲವಾಯಿತು.

ಈ ವಾರದ ಹೋಮ್‌ವರ್ಕ್: ಮನೆಯಲ್ಲಿ ಸದ್ದು ಮಾಡುವುದು. ಈ ವಯಸ್ಸಿನಲ್ಲಿ!

ಜೂನ್ 8, ಭಾನುವಾರ

ಮಗಳು ಬಂದಳು, ಹೋದಳು. ಮೂರು ಮಹಡಿ ಕೆಳಗೆ ಯಾರದೋ ಬೀಗದ ಕೈ ತಿರುಗಿದರೂ ಕೇಳಿಸಿಕೊಳ್ಳುವ ನನಗೆ ಅವಳು ಒಳಗೆ ಬಂದದ್ದು ಗೊತ್ತಾಗಲಿಲ್ಲ.

"ಚೆನ್ನಾಗಿದ್ದೀಯಾ ಪುಟ್ಟಿ?"

"ಹ್ಞೂಂ. ನೀನು?"

"ಹ್ಞೂಂ."

ಉಂಡಳು. ತಟ್ಟೆ ತೊಳೆದಿಟ್ಟಳು. ಮನೆಯಲ್ಲಿ ಮಗು ಇದೆ ಅಂತಲೇ ಅನಿಸುವುದಿಲ್ಲ, ಅಷ್ಟು ಒಳ್ಳೆಯವಳು — ಹೀಗೆಂದು ಕ್ಲಿನಿಕ್ ತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ಅವಳು ಹೋದ ಮೇಲೆ ಅವಳ ಕೋಣೆ ಗುಡಿಸಿದೆ. ಬಾಗಿಲ ಒಳಚಿಲಕಕ್ಕೆ ಹಳೆಯ ಕಾಲುಚೀಲ. ಸುತ್ತಿ ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಧೂಳು ಕೂತಿದೆ. ಇವತ್ತಿನದಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಚಿಲಕಕ್ಕೆ ಬಟ್ಟೆ ಸುತ್ತೋದನ್ನ ನೀನು ಹೇಳಿಕೊಟ್ಯಾ?"

"ಇಲ್ಲ ಕಣೇ. ಆ ಮಾತೇ ನಾನು ಎತ್ತಿಲ್ಲ."

ಹಾಗಾದರೆ ಯಾರೂ ಕಲಿಸಿಲ್ಲ. ಹಾಲ್‌ನಲ್ಲಿ ಕುಡಿದು ಮಲಗಿರುತ್ತಿದ್ದವಳು ನಾನೇ...

ಜೂನ್ 19, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಒಂದು ಸಂಜೆ ಕುಡಿದೆ.

ಮರುದಿನ ನಾನೇ ಕೌನ್ಸೆಲರ್‌ಗೆ ಫೋನ್ ಮಾಡಿದೆ. ಆ ಅಜ್ಜನ ಹಾಗೆ, ಬೈಗುಳ ಬರುವ ಮೊದಲೇ ಒತ್ತಿಬಿಟ್ಟೆ — ತಪ್ಪು, ತಪ್ಪು, ತಪ್ಪು.

"ಇರಿ. ನಿನ್ನೆ ಮಧ್ಯಾಹ್ನ ಊಟ ಮಾಡಿದ್ರಾ?"

ಇಲ್ಲ.

"ನಿದ್ದೆ?"

ಇಲ್ಲ.

"ಯಾರ ಹತ್ರಾನಾದ್ರೂ ಮಾತಾಡಿದ್ರಾ?"

ಕಾಲುಚೀಲ ನೋಡಿದ ದಿನ ಅಕ್ಕನಿಗೆ ಫೋನ್ ಮಾಡಿದ್ದು ಬಿಟ್ಟರೆ ಯಾರ ಹತ್ತಿರವೂ ಇಲ್ಲ.

"ಸರಿ. ಮೊದಲು ತಿಂಡಿ ತಿನ್ನಿ. ಆಮೇಲೆ ಬನ್ನಿ."

ಇವತ್ತು ಮಗಳಿಗೂ ಫೋನಿನಲ್ಲಿ ಹೇಳಿದೆ. ಮುಚ್ಚಿಡಬಾರದು ಎನಿಸಿತು. "ಹ್ಞೂಂ" ಎಂದಳು. ಆ "ಹ್ಞೂಂ" ನನಗೆ ಗೊತ್ತು. ಚಿಕ್ಕಂದಿನಲ್ಲಿ ನನ್ನದೂ ಅದೇ ಆಗಿತ್ತು.

ಜೂನ್ 22, ಭಾನುವಾರ. ಸಂಜೆ

ಬರುತ್ತಾಳೋ ಇಲ್ಲವೋ ಅಂದುಕೊಂಡಿದ್ದೆ. ಬಂದಳು. ಕಾಲುಚೀಲವನ್ನು ಟೇಬಲ್ ಮೇಲಿಟ್ಟೆ. ಅವಳ ಮುಖ ಬಿಳಿಚಿತು.

"ಬೈಯೋಕಲ್ಲ ಪುಟ್ಟಿ. ನಾನೂ ನಿನ್ನ ದೊಡ್ಡಮ್ಮನೂ ಚಿಲಕಕ್ಕೆ ಬಟ್ಟೆ ಸುತ್ತಿದ್ವಿ." ತಾತನ ವಿಷಯ ಹೇಳಿದೆ, ಎಷ್ಟು ಹೇಳಬಹುದೋ ಅಷ್ಟು. "ಇನ್ಮೇಲೆ ಇದು ಬೇಡ. ಸಿಟ್ಟು ಬಂದ್ರೆ ಸಿಟ್ಟು ಮಾಡು. ನನಗೇನೂ ಆಗಲ್ಲ."

"ಆಗುತ್ತೆ. ಆಮೇಲೆ ಕುಡೀತೀಯ."



"ಕುಡಿದ್ರೆ ಅದು ನನ್ನಿಂದ. ನಿನ್ನ ಸದ್ದಿನಿಂದ ಅಲ್ಲ."

"ಅದು ಗೊತ್ತು! ನಾನು ಸುಮ್ಮನೇ ಇದ್ನಲ್ಲ, ಆದ್ರೂ ಕುಡಿದೆ ತಾನೇ? ಎಷ್ಟು ಸುಮ್ಮನಿದ್ರೂ ಕುಡೀತೀಯ!"

ಕೂಗಿದಳು. ಕುರ್ಚಿ ತಳ್ಳಿ ಎದ್ದಳು. ಕೋಣೆಗೆ ಹೋದಳು. ಬಾಗಿಲು — ಢಮಾರ್!

ಶೆಲ್ಫ್ ಮೇಲಿನ ಲೋಟ ಉರುಳಿ ಬಿತ್ತು. ಬೆನ್ನು ತಾನಾಗಿಯೇ ಸೆಟೆಯಿತು. ಉಸಿರು ಹಿಡಿದು ಕಾದೆ. ಹಾಲ್‌ನಿಂದ ಯಾರೂ ಎದ್ದು ಬರಲಿಲ್ಲ. ಈ ಮನೆಯಲ್ಲಿ ದೊಡ್ಡವರೆಂದು ಇರುವುದು ನಾನೊಬ್ಬಳೇ. ಬಿದ್ದ ಲೋಟ ಎತ್ತಿ, ಕುಕ್ಕಿ ಇಟ್ಟೆ. ಹೋಮ್‌ವರ್ಕ್.

ಮಾಡಿದ್ದು ಸರಿಯೋ? ಮಗುವಿನ ಕೈಯಲ್ಲಿ ಇಷ್ಟೆಲ್ಲ ಹೇಳಿಸಬೇಕಿತ್ತೋ? ಗೊತ್ತಿಲ್ಲ. ಕುಡಿಯಬೇಕೆನಿಸಿತು. ತಿಂಡಿ ತಿಂದೆ. ಅವಳಿಗೂ ಎತ್ತಿಟ್ಟಿದ್ದೇನೆ.

ಈಗಷ್ಟೇ ಅಕ್ಕನ ಫೋನ್. ಕರೆದುಕೊಂಡು ಹೋಗಲು ಬರಲಾ ಎಂದಳು. ಬಾಗಿಲ ಹೊರಗೆ ನಿಂತು ಕೇಳಿದೆ. ಒಳಗಿನಿಂದ, ಇಡೀ ಬಿಲ್ಡಿಂಗ್‌ಗೆ ಕೇಳುವಂತೆ:

"ಇವತ್ತು ಬೇಡ ಅನ್ನು! ನಾನಿನ್ನೂ ಸಿಟ್ಟಲ್ಲಿದೀನಿ!"

ಫೋನಿನಾಚೆ ಅಕ್ಕ ಮೂಗು ಎಳೆದುಕೊಳ್ಳುತ್ತ ನಕ್ಕಳು. "ಸರಿ ಬಿಡೇ. ಸಿಟ್ಟು ಮಾಡೋಕೆ ಅಮ್ಮನೇ ಬೇಕಂತೆ."

ನಾಳೆ ಏನನ್ನುತ್ತಾಳೋ. ಮುಂದಿನ ವಾರ... ಈಗ ಆ ಯೋಚನೆ ಬೇಡ. ಚಿಲಕದ ಸದ್ದು. ಬರುತ್ತಿದ್ದಾಳೆ, ಕಾಲು ಅಪ್ಪಳಿಸಿಕೊಂಡು —